ಲಂಡನ್ನಿನ ಎರಡು ವನ್ಯೋದ್ಯಾನಗಳು

ನಗರದ ಪಾಳುನೆಲದಲ್ಲಿ ಸ್ವಯಂಸೇವಕರು ಬೆಳೆಸುವ ವನ್ಯೋದ್ಯಾನಗಳು ಸಸ್ಯಶಾಸ್ತ್ರಕ್ಕೆ ಮಾತ್ರ ಸೇರಿದ ವಿಷಯವೆಂಬ ಭಾವನೆಯುಂಟು. ನೆಲದ ಒಡೆತನದ ಪ್ರಶ್ನೆ ಅವುಗಳಲ್ಲಿ ಅಡಗಿರುವುದರಿಂದ ಇತಿಹಾಸದ ವಿದ್ಯಾರ್ಥಿಗಳಾದ ನಾವೂ ಅವನ್ನು ಪರಿಶೀಲಿಸಬೇಕಾಗುತ್ತದೆ.

1977ರಲ್ಲಿ ಟವರ್ ಸೇತುವೆಯ ಸಮೀಪ, ಲಾರಿಗಳು ನಿಲ್ಲುತ್ತಿದ್ದ ಬಯಲಿನಲ್ಲಿ, ವಿಲಿಯಂ ಕರ್ಟಿಸ್ ಪರಿಸರೋದ್ಯಾನವು ರೂಪುಗೊಂಡಿತು. ಲಂಡನ್ನಿನ ಸಸ್ಯಸಂಪತ್ತನ್ನು ಗ್ರಂಥಸ್ಥಗೊಳಿಸಿದ 18ನೆಯ ಶತಮಾನದ ವಿದ್ವಾಂಸನ ಹೆಸರು ಅದಕ್ಕೆ ಸಂದಿತು. ಮಣ್ಣು ಹರಡಿ, ಕೊಳ ತೋಡಿ, ಗಿಡ ನೆಟ್ಟರು. ಶಾಲೆಯ ಮಕ್ಕಳು ಜೀವಿಗಳ ಬಾಳನ್ನು ಕಣ್ಣಾರೆ ಕಾಣಲು ಬಂದರು. ಆದರೆ ನೆಲ ಎರವಲಿನದು. 1985ರಲ್ಲಿ ಅದನ್ನು ಒಡೆಯರಿಗೆ ಹಿಂದಿರುಗಿಸಬೇಕಾಯಿತು, ಉದ್ಯಾನವು ಅಳಿಯಿತು.

ಅದೇ ವರ್ಷ ಕಿಂಗ್ಸ್ ಕ್ರಾಸ್ ಬಳಿ, ರೀಜೆಂಟ್ ಕಾಲುವೆಯ ದಡದಲ್ಲಿ, ಹಿಂದೆ ಕಲ್ಲಿದ್ದಲು ಇಳಿಸುತ್ತಿದ್ದ ಸುಮಾರು 2 ಎಕರೆ ಜಾಗದಲ್ಲಿ ಕ್ಯಾಮ್ಲಿ ಸ್ಟ್ರೀಟ್ ಉದ್ಯಾನವು ತೆರೆಯಿತು. ಲಂಡನ್ ವೈಲ್ಡ್‌ಲೈಫ್ ಟ್ರಸ್ಟ್ ಅದನ್ನು ಸ್ವಯಂಸೇವಕರ ನೆರವಿನಿಂದ ನೋಡಿಕೊಳ್ಳುತ್ತದೆ.

ಪ್ರಕೃತಿಯನ್ನು ಅದರ ಪಾಡಿಗೆ ಬಿಡುವುದೇ ಇಂತಹ ಉದ್ಯಾನಗಳ ಕ್ರಮವೆಂದು ತಿಳಿದರೆ ತಪ್ಪಾದೀತು. ಕೊಯ್ಯದೆ ಬಿಟ್ಟ ಹುಲ್ಲುಗಾವಲು ಕ್ರಮೇಣ ಪೊದೆಯಾಗುವುದು. ಕೊಳವು ಹೂಳಿನಿಂದ ತುಂಬುವುದು. ಆದ್ದರಿಂದ ಬೀಜ ಉದುರಿದ ಮೇಲೆ ಹುಲ್ಲನ್ನು ಕೊಯ್ದು ಆಚೆಗೆ ಸಾಗಿಸಬೇಕು. ಅದು ಅಲ್ಲಿಯೇ ಕೊಳೆತರೆ ಮಣ್ಣು ಫಲವತ್ತಾಗಿ, ಒರಟು ಹುಲ್ಲು ಹಬ್ಬಿ, ಹೂಗಿಡಗಳು ಅಡಗಿಹೋಗುತ್ತವೆ. (ಗೊಬ್ಬರವನ್ನೇ ದೂರವಿಡುವ ಈ ಬೇಸಾಯ ನಮ್ಮ ರೈತರಿಗೆ ವಿಚಿತ್ರವೆನಿಸೀತು.)

ಇಷ್ಟು ದುಡಿಮೆ ಎರಡೂ ಕಡೆ ನಡೆಯಿತು. ಭೇದವಿದ್ದುದು ನೆಲದ ಹಕ್ಕಿನಲ್ಲಿ: ಕ್ಯಾಮ್ಲಿ ಸ್ಟ್ರೀಟಿನ ಭೂಮಿ ಸ್ಥಳೀಯ ಪೌರಾಡಳಿತಕ್ಕೆ ಸೇರಿದ್ದು. ಸುತ್ತಲೂ ಭಾರಿ ಕಟ್ಟಡಗಳು ಎದ್ದರೂ ಉದ್ಯಾನವು ಉಳಿದು, ನವೀಕರಣಗೊಂಡು, 2021ರಲ್ಲಿ ಜನರಿಗೆ ಮತ್ತೆ ತೆರೆಯಿತು.