ಹಾಜರಿ ಕೂಗುವ ತಾಳ

ವಾಷಿಂಗ್ಟನ್ ಡಿ.ಸಿ.ಯ ಶಾ ಬಡಾವಣೆ. ಸೆವೆಂತ್ ಸ್ಟ್ರೀಟ್ ಮತ್ತು ಫ್ಲಾರಿಡಾ ಅವೆನ್ಯೂ ಕೂಡುವ ಮೂಲೆಯಲ್ಲೊಂದು ಮೊಬೈಲ್ ಅಂಗಡಿ. 1995ರಿಂದಲೂ ಅದರ ಹೊರಗಿನ ಸ್ಪೀಕರ್‌ಗಳಿಂದ ಬೀದಿಗೆಲ್ಲ ಕೇಳುವಂತೆ ಗೋ-ಗೋ ಸಂಗೀತ ಹೊಮ್ಮುತ್ತಿತ್ತು. 2019ರ ಏಪ್ರಿಲ್‌ನಲ್ಲಿ ಸ್ಪೀಕರ್ ಬಾಯಿ ಮುಚ್ಚಿತು. ಹತ್ತಿರದ ಹೊಸ ಐಷಾರಾಮಿ ಅಪಾರ್ಟ್‌ಮೆಂಟಿನಿಂದ ದೂರು ಹೋಗಿತ್ತು; ಸದ್ದು ನಿಲ್ಲಿಸಿ ಎಂದು ಟಿ-ಮೊಬೈಲ್ ಕಂಪನಿಯಿಂದ ಅಂಗಡಿಗೆ ಸೂಚನೆ ಬಂತು.

ಸದ್ದಿನ ತಕರಾರು ಯಾವ ಊರಲ್ಲಿಲ್ಲ? ಆದರೆ ಇದು ಬರೀ ಸದ್ದಾಗಿರಲಿಲ್ಲ.

1970ರ ದಶಕದಲ್ಲಿ ಚಕ್ ಬ್ರೌನ್ ಎಂಬ ಗಿಟಾರ್ ವಾದಕನಿಗೆ ಒಂದು ಸಣ್ಣ ತಲೆನೋವಿತ್ತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಕುಣಿಯುವವರು ಹೋಗಿ ಕೂತುಬಿಡುತ್ತಿದ್ದರು. ಹಾಡು ನಿಂತರೂ ತಾಳ ನಿಲ್ಲದಿದ್ದರಾಯಿತು ಎಂದುಕೊಂಡ. ಗೋ-ಗೋ ಹುಟ್ಟಿದ್ದು ಹೀಗೆ. ಗಿಟಾರ್ ಸುಮ್ಮನಾದರೂ ಕಾಂಗಾ, ಕೌಬೆಲ್, ಡ್ರಮ್ ಹೊಡೆತ ಮುಂದುವರಿಯುತ್ತದೆ. ಆ ತಾಳದ ಮೇಲೆಯೇ ಮೈಕ್ ಹಿಡಿದವನು ಎದುರಿಗಿದ್ದವರನ್ನು ಮಾತಾಡಿಸುತ್ತಾನೆ: ಇವತ್ತು ಯಾರ ಹುಟ್ಟುಹಬ್ಬ? ಯಾವ ಬೀದಿಯವರು ಬಂದಿದ್ದೀರಿ? ಹೆಸರು ಕೂಗಿದ ಬೀದಿಯವರು ಕೈಯೆತ್ತಿ ಓಗೊಡುತ್ತಾರೆ. ಹಾಗೆ ನಡೆದ ರಾತ್ರಿಗಳು ಕ್ಯಾಸೆಟ್ಟಾಗಿ ಕೈಯಿಂದ ಕೈಗೆ ಹೋಗುತ್ತಿದ್ದವು. ಶಾಲೆಯ ಹಾಜರಿ ಪುಸ್ತಕದಂತೆ ಊರಿನದೂ ಒಂದು ಇರುತ್ತದೆ ಎನ್ನುವುದಾದರೆ, ವಾಷಿಂಗ್ಟನ್ನಿನ ಕಪ್ಪು ಜನರದು ಆ ಕ್ಯಾಸೆಟ್ಟುಗಳಲ್ಲಿತ್ತು.

ಈ ಜನ ಇದೇ ಬಡಾವಣೆಯಲ್ಲಿ ನೆಲೆ ನಿಂತದ್ದಕ್ಕೂ ಕಾರಣವಿದೆ. ನಗರದ ಎಷ್ಟೋ ಮನೆಗಳ ಕ್ರಯಪತ್ರದಲ್ಲಿ ಕಪ್ಪು ಜನರಿಗೆ ಮಾರಕೂಡದು ಎಂಬ ಷರತ್ತೇ ಇರುತ್ತಿತ್ತು. ಕೋರ್ಟುಗಳು ಅದನ್ನು ಜಾರಿ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಬೇರೆಡೆ ಬಾಗಿಲು ಹಾಕಿದ್ದರಿಂದ ವಕೀಲನೂ ಕೂಲಿಯವನೂ ಅಕ್ಕಪಕ್ಕದಲ್ಲೇ ಇದ್ದರು. 1867ರಲ್ಲಿ ಶುರುವಾದ ಹೊವಾರ್ಡ್ ವಿಶ್ವವಿದ್ಯಾಲಯ, 1910ರ ಹೊವಾರ್ಡ್ ಥಿಯೇಟರ್, ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಬೆಳೆದ ಓಣಿಗಳು ಎಲ್ಲವೂ ಇಲ್ಲಿಯವೇ. ಯು ಸ್ಟ್ರೀಟನ್ನು ‘ಬ್ಲ್ಯಾಕ್ ಬ್ರಾಡ್‌ವೇ’ ಎಂದೇ ಕರೆದರು.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಅಂದು ರಾತ್ರಿ ಫೋರ್ಟೀನ್ತ್ ಸ್ಟ್ರೀಟ್ ಮತ್ತು ಯು ಸ್ಟ್ರೀಟ್ ಕೂಡುವಲ್ಲಿ ಜನ ಸೇರಿದರು, ದುಃಖ ಬೆಂಕಿಯಾಯಿತು. ಸುಟ್ಟ ಅಂಗಡಿಗಳಲ್ಲಿ ಎಷ್ಟೋ ಮತ್ತೆ ಏಳಲಿಲ್ಲ. ಆಮೇಲೆ ಮೆಟ್ರೊಗಾಗಿ ರಸ್ತೆ ಅಗೆದಾಗ, ಉಳಿದವರು ವರ್ಷಗಟ್ಟಲೆ ದೂಳು ನುಂಗಿ ಅಂಗಡಿ ತೆರೆದಿಟ್ಟರು. 1991ರಲ್ಲಿ ರೈಲು ಬಂತು. ಹಿಂದೆಯೇ ಬಿಲ್ಡರುಗಳು ಬಂದರು. ಯಾರೂ ಸಾಲ ಕೊಡದಿದ್ದ ನೆಲಕ್ಕೆ ಈಗ ಪೈಪೋಟಿ! ಬಾಡಿಗೆ ಏರಿತು, ಮನೆ ಕಂದಾಯ ಏರಿತು. ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಪಕ್ಕದ ಮೇರಿಲ್ಯಾಂಡ್‌ನ ಪ್ರಿನ್ಸ್ ಜಾರ್ಜಸ್ ಕೌಂಟಿಗೆ ಹೊರಟವು. ಸ್ವಂತ ಮನೆ ಮಾರಿದವರಲ್ಲಿ ಕೆಲವರಿಗೆ ಒಳ್ಳೆಯ ಬೆಲೆಯೇ ಸಿಕ್ಕಿತು, ಅದನ್ನೂ ಹೇಳಬೇಕು. ಬಾಡಿಗೆಯವರಿಗೆ ಏನೂ ಸಿಗಲಿಲ್ಲ. ಹೊಸ ಅಪಾರ್ಟ್‌ಮೆಂಟೊಂದಕ್ಕೆ ‘ದಿ ಎಲಿಂಗ್ಟನ್’ ಎಂದು ಹೆಸರಿಟ್ಟರು. ಹೆಸರಿಗೆ ಬಾಡಿಗೆ ಇಲ್ಲವಲ್ಲ.

ಇಷ್ಟೆಲ್ಲ ಆದಮೇಲೂ ಆ ಮೂಲೆಯಲ್ಲಿ ಹಳಬರಿಗೆ ಒಂದು ಗುರುತು ಉಳಿದಿತ್ತು. ಮನೆ ಹೋಗಿರಬಹುದು, ರೈಲಿಳಿದು ಬಂದರೆ ಕೌಬೆಲ್ ಕೇಳುತ್ತದೆ. ಅದನ್ನೂ ನಿಲ್ಲಿಸಿದ ಸುದ್ದಿ ಹಬ್ಬಿದಾಗ ‘ಡೋಂಟ್ ಮ್ಯೂಟ್ ಡಿಸಿ’ ಎಂಬ ಕೂಗೆದ್ದಿತು. ಮನವಿಗೆ ಸಾವಿರಾರು ಜನ ಸಹಿ ಹಾಕಿದರು. ಫೋರ್ಟೀನ್ತ್ ಮತ್ತು ಯು ಸ್ಟ್ರೀಟಿನ ಅದೇ ಕೂಡುರಸ್ತೆಯಲ್ಲಿ ಬ್ಯಾಂಡುಗಳು ನಿಂತು ನುಡಿಸಿದವು, ಜನ ರಸ್ತೆ ತುಂಬ ಕುಣಿದರು. ಕೆಲವೇ ದಿನಗಳಲ್ಲಿ ಕಂಪನಿ ಮಣಿಯಿತು. ಸ್ಪೀಕರ್ ಮತ್ತೆ ಬಾಯಿ ಬಿಟ್ಟಿತು.

2020ರ ಫೆಬ್ರವರಿಯಲ್ಲಿ ಮೇಯರ್ ಮ್ಯೂರಿಯಲ್ ಬೌಸರ್ ಸಹಿ ಹಾಕಿದ ಕಾನೂನು ಗೋ-ಗೋವನ್ನು ನಗರದ ಅಧಿಕೃತ ಸಂಗೀತವೆಂದು ಸಾರಿತು. ಅದನ್ನು ಉಳಿಸಲು, ದಾಖಲಿಸಿಡಲು ಯೋಜನೆ ಮಾಡಬೇಕೆಂದೂ ಹೇಳಿತು. ‘ದಾಖಲಿಸಿಡಲು’ ಎಂಬಲ್ಲಿ ನನ್ನ ಕಣ್ಣು ತುಸು ಹೊತ್ತು ನಿಂತಿತು. ಅದೇ ವರ್ಷ ಜನಗಣತಿಯೂ ನಡೆಯಿತು. 1970ರಲ್ಲಿ ನಗರದ ನೂರು ಜನರಲ್ಲಿ 71 ಮಂದಿ ಕಪ್ಪು ಜನರಿದ್ದರು. ಈ ಸಲದ ಹಾಜರಿಯಲ್ಲಿ ಸಿಕ್ಕಿದ್ದು ಸುಮಾರು 41.