ನಾಲ್ಕು ಕಾಯಿ ಒಟ್ಟಿಗೇ ಬಲಿಗೆ

ಚೆಸ್ಸಿನ ಓಪನಿಂಗ್ ಅಂದರೆ ಈಗ ಬರೀ ಬಾಯಿಪಾಠ, ಕಂಪ್ಯೂಟರ್ ಹೇಳಿದ್ದನ್ನು ಉರುಹೊಡೆದು ಬಂದು ಒಪ್ಪಿಸುವುದು ಎಂಬ ಮೂದಲಿಕೆ ಹೊಸದಲ್ಲ. ಹಾಗೆನ್ನುವವರ ಮುಂದೆ ಇಡಬೇಕಾದ ಆಟ ನಡೆದದ್ದು 2013ರ ಜನವರಿಯಲ್ಲಿ, ನೆದರ್ಲೆಂಡ್ಸ್‌ನ ಕಡಲತಡಿಯ ಊರು ವಿಕ್ ಆನ್ ಝೀಯಲ್ಲಿ. ಟಾಟಾ ಸ್ಟೀಲ್ ಟೂರ್ನಿಯ ನಾಲ್ಕನೇ ಸುತ್ತು. ಬಿಳಿ ಕಾಯಿ ಅರ್ಮೇನಿಯಾದ ಲೆವೊನ್ ಅರೋನಿಯನ್ ಅವರದು, ಕಪ್ಪು ವಿಶ್ವನಾಥನ್ ಆನಂದ್ ಅವರದು. ಆನಂದ್ ಆಗ ವಿಶ್ವ ಚಾಂಪಿಯನ್. ಆದರೂ ಅವರ ಆಟದ ಹರಿತ ಹೋಯಿತೆಂದು ಆಡಿಕೊಳ್ಳುತ್ತಿದ್ದ ಕಾಲವದು.

ಓಪನಿಂಗ್ ಸೆಮಿ ಸ್ಲಾವ್‌ನ ಮೆರಾನ್ ಪದ್ಧತಿ. ಇಟಲಿಯ ಮೆರಾನ್‌ನಲ್ಲಿ 1924ರಲ್ಲಿ ಅಕಿಬಾ ರೂಬಿನ್‌ಸ್ಟೀನ್ ಇದನ್ನು ಗ್ರುನ್‌ಫೆಲ್ಡ್ ವಿರುದ್ಧ ಆಡಿದ್ದರು. ಕಪ್ಪು ಮೊದಲು ಸಿ4ರಲ್ಲಿ ಕಾಲಾಳು ಕಡಿದು, ಬಿ5ಕ್ಕೆ ಕಾಲಾಳು ನೂಕಿ ಬಿಳಿಯ ಒಂಟೆಯನ್ನು ಹಿಂದಕ್ಕಟ್ಟುತ್ತದೆ. ಆಮೇಲೆ ತನ್ನ ಒಂಟೆಯನ್ನು ಬಿ7ರಲ್ಲಿ ಕೂರಿಸುತ್ತದೆ. ನೋಡಲು ಸಪ್ಪೆ.

ಹದಿಮೂರನೇ ನಡೆಯಲ್ಲಿ ಅರೋನಿಯನ್ ಕುದುರೆ ಎಚ್7ರ ಕಾಲಾಳನ್ನು ನುಂಗಿ, ಎಫ್8ರ ಆನೆಯ ಮೇಲೆ ಕಣ್ಣಿಟ್ಟಿತು. ಆನಂದ್ ಆನೆಯ ಗೊಡವೆಗೇ ಹೋಗದೆ ತಮ್ಮ ಒಂದು ಕುದುರೆಯನ್ನು ಮುನ್ನುಗ್ಗಿಸಿದರು. ಹದಿನೈದನೇ ನಡೆಯಲ್ಲಿ ಒಂಟೆಯನ್ನು ಸಿ5ಕ್ಕೆ ತಂದು, ಕಾಲಾಳು ತಿನ್ನಬಹುದಾದ ಮನೆಯಲ್ಲೇ ನಿಲ್ಲಿಸಿದರು. ಮರುನಡೆಗೆ ಇನ್ನೊಂದು ಕುದುರೆ ಇ5ಕ್ಕೆ. ಈಗ ಎರಡು ಕುದುರೆ, ಒಂದು ಒಂಟೆ, ಒಂದು ಆನೆ, ನಾಲ್ಕೂ ಎದುರಾಳಿಯ ಬಾಯಿಗೆ! ಯಾವುದನ್ನು ತಿಂದರೂ ರಾಜನಿಗೇ ಸಂಚಕಾರ. ಹಿಂದಿನ ವರ್ಷ ಮಾಸ್ಕೋದಲ್ಲಿ ಗೆಲ್ಫಾಂಡ್ ಎದುರಿನ ವಿಶ್ವ ಪಟ್ಟದ ಕಾಳಗಕ್ಕೆಂದು ಆನಂದ್ ತಂಡ ಹೊಸೆದಿಟ್ಟ ತಂತ್ರವಿದು. ಅಲ್ಲಿ ಬಳಸುವ ಸಂದರ್ಭ ಬಂದಿರಲಿಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು ಹತ್ತೊಂಬತ್ತನೇ ನಡೆ. ಬಿಳಿ ಕುದುರೆ ಕೊನೆಗೂ ಆನೆಯನ್ನು ಕಡಿದಿದೆ. ಯಾರಾದರೂ ತಕ್ಷಣ ಆ ಕುದುರೆಯನ್ನು ತಿಂದುಬಿಡುತ್ತಾರೆ. ಆನಂದ್ ಮಾತ್ರ ಎಫ್5ಕ್ಕೆ ಕಾಲಾಳು ಸರಿಸಿ, ಬಿಳಿ ಮಂತ್ರಿ ಎಚ್7ಕ್ಕೆ ನುಗ್ಗುವ ದಾರಿಗೆ ಬೇಲಿ ಹಾಕಿದರು. ಕುದುರೆ ಎಲ್ಲಿಗೆ ಹೋದೀತು? ಎರಡು ನಡೆ ಬಿಟ್ಟು ಅದೂ ಸಿಕ್ಕಿತು.

ಇಪ್ಪತ್ಮೂರನೇ ನಡೆಗೆ ಆನಂದ್ ಅವರ ಒಂಟೆ ಇ3ಕ್ಕೆ ಬಂತು. ಎಚ್3ರ ಕಾಲಾಳನ್ನು ಕಾಯುತ್ತಿದ್ದ ಬಿಳಿ ಮಂತ್ರಿಗೆ ಅದು ಅಡ್ಡ. ಬಿ7ರ ಒಂಟೆ ದೂರದಿಂದಲೇ ಜಿ2ರ ಕಾಲಾಳನ್ನು ಅಲುಗಾಡದಂತೆ ಹಿಡಿದಿದೆ. ಅರೋನಿಯನ್ ಸೋಲೊಪ್ಪಿಕೊಂಡರು.

ರಾಜನತ್ತ ಗುರಿಯಿಟ್ಟ ಈ ಒಂಟೆ ಜೋಡಿಯನ್ನು ಕಂಡವರಿಗೆ 1907ರಲ್ಲಿ ಲೋಡ್ಜ್‌ನಲ್ಲಿ ರೊಟ್ಲೆವಿ ವಿರುದ್ಧ ರೂಬಿನ್‌ಸ್ಟೀನ್ ಗೆದ್ದ ಆಟ ನೆನಪಾಯಿತು. ಆಗ ರೂಬಿನ್‌ಸ್ಟೀನ್ ಮಂತ್ರಿಯನ್ನೂ ಬಲಿಗೊಟ್ಟಿದ್ದರು. ಆನಂದ್‌ಗೆ ಆ ಪ್ರಮೇಯ ಬರಲಿಲ್ಲ.