ಅರ್ಧ ಮೀಟರ್ ಕೇಬಲ್‌ನೊಳಗಿನ ತಕರಾರು

ಅಂಗೈಯಗಲದ ಮಿನಿ ಪಿಸಿಯೊಳಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಿಡಿಸುವುದಿಲ್ಲ. ಅದಕ್ಕೇ ಕಾರ್ಡನ್ನು ಹೊರಗೆ ಒಂದು ಡಾಕ್ ಮೇಲೆ ಕೂರಿಸಿ, ಬೇರೆ ಪವರ್ ಸಪ್ಲೈ ಕೊಟ್ಟು, ನಡುವೆ ಕೇಬಲ್ ಜೋಡಿಸುತ್ತಾರೆ. ವಿಡಿಯೊ ಎಡಿಟ್ ಮಾಡುವವರು, ಗೇಮ್ ಆಡುವವರು, ಎಐ ಮಾದರಿಗಳನ್ನು ಮನೆಯಲ್ಲೇ ಓಡಿಸುವವರು ಈ ದಾರಿ ಹಿಡಿದಿದ್ದಾರೆ. ತೊಡಕು ಶುರುವಾಗುವುದು ಆಮೇಲೆ. ಫ್ಯಾನ್ ತಿರುಗುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ, ಆದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರೇ ಇರುವುದಿಲ್ಲ. ಇನ್ನು ಕೆಲವೊಮ್ಮೆ ಹೆಸರು ಇರುತ್ತದೆ, ಗೇಮ್ ಆರಂಭವಾದ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ಕಾರ್ಡ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರಲು ಇಷ್ಟು ಸಾಲದು.

ಸಂಪರ್ಕದಲ್ಲಿ ಎರಡು ಬಗೆ. ಥಂಡರ್‌ಬೋಲ್ಟ್ 3 ಮತ್ತು 4 ಸೆಕೆಂಡಿಗೆ 40 ಗಿಗಾಬಿಟ್ ಸಾಗಿಸುತ್ತವೆ. ಅದರಲ್ಲಿ ಪಿಸಿಐಇ ದತ್ತಾಂಶದ, ಅಂದರೆ ಕಾರ್ಡು ಮದರ್‌ಬೋರ್ಡಿನೊಡನೆ ನಡೆಸುವ ಮಾತುಕತೆಯ ಪಾಲು ಹೆಚ್ಚೆಂದರೆ 32 ಗಿಗಾಬಿಟ್. ಓಕ್ಯುಲಿಂಕ್ ಎಂಬ ಇನ್ನೊಂದು ಬಗೆಯಲ್ಲಿ ಮದರ್‌ಬೋರ್ಡಿನ ಪಿಸಿಐಇ ಸಂಕೇತ ಯಾವ ಮಾರ್ಪಾಡೂ ಇಲ್ಲದೆ ನೇರವಾಗಿ ಕೇಬಲ್‌ಗೆ ಇಳಿಯುತ್ತದೆ. ಪಿಸಿಐಇಯ ನಾಲ್ಕನೇ ತಲೆಮಾರಿನ ನಾಲ್ಕು ಲೇನ್‌ಗಳಿದ್ದರೆ, ಅಂದರೆ ದತ್ತಾಂಶ ಸಾಗುವ ನಾಲ್ಕು ಸಾಲುಗಳಿದ್ದರೆ, ಸುಮಾರು 64 ಗಿಗಾಬಿಟ್. ಮಿನಿಸ್‌ಫೋರಮ್‌ನ ಯುಎಂ780 ಎಕ್ಸ್‌ಟಿಎಕ್ಸ್‌ನಂಥ ಮಿನಿ ಪಿಸಿಗಳು ಜನಪ್ರಿಯವಾದುದಕ್ಕೆ ಈ ವೇಗವೂ ಒಂದು ಕಾರಣ.

ಆ ವೇಗವೇ ಓಕ್ಯುಲಿಂಕ್‌ನ ದೌರ್ಬಲ್ಯವೂ ಹೌದು. ನಾಲ್ಕನೇ ತಲೆಮಾರಿನಲ್ಲಿ ಪ್ರತಿ ಲೇನ್ ಸೆಕೆಂಡಿಗೆ 1,600 ಕೋಟಿ ಬಿಟ್‌ಗಳನ್ನು ಕಳಿಸುತ್ತದೆ. ಒಂದು ಬಿಟ್‌ಗೆ ಸಿಗುವ ಕಾಲ 62.5 ಪಿಕೋಸೆಕೆಂಡ್, ಅಷ್ಟರಲ್ಲಿ ಸಂಕೇತ ತಾಮ್ರದ ತಂತಿಯಲ್ಲಿ ಸುಮಾರು ಒಂದೂಕಾಲು ಸೆಂಟಿಮೀಟರ್ ಸಾಗುತ್ತದೆ. ಅಂದರೆ ಅರ್ಧ ಮೀಟರ್ ಕೇಬಲ್‌ನ ಒಂದೊಂದು ಲೇನ್‌ನಲ್ಲೂ ಯಾವ ಕ್ಷಣದಲ್ಲಿ ನೋಡಿದರೂ ಸುಮಾರು 40 ಬಿಟ್‌ಗಳು ಒಂದರ ಹಿಂದೊಂದು ಓಡುತ್ತಿರುತ್ತವೆ. ಓಕ್ಯುಲಿಂಕ್‌ಗಾಗಿ ಎಂ.2 ಸ್ಲಾಟ್‌ಗೆ ಹಾಕಿದ ಅಡಾಪ್ಟರ್, ಎರಡು ಕನೆಕ್ಟರ್, ಡಾಕ್‌ನ ಸ್ಲಾಟ್ ಹೀಗೆ ದಾರಿಯಲ್ಲಿ ಬರುವ ಪ್ರತಿ ಕೀಲಿನಲ್ಲೂ ಸಂಕೇತದ ಒಂದು ಪಾಲು ಹಿಂದಕ್ಕೆ ಚಿಮ್ಮಿ, ಹಿಂಬಾಲಿಸಿ ಬರುವ ಬಿಟ್‌ಗಳನ್ನು ಕಲಕುತ್ತದೆ.

ಇಷ್ಟಾದರೂ ಪರದೆಯ ಮೇಲೆ ಚಿತ್ರ ಕೆಡುವುದಿಲ್ಲ. ಪಿಸಿಐಇ ಪ್ರತಿ ಪೊಟ್ಟಣವನ್ನೂ ತಾಳೆ ನೋಡುತ್ತದೆ, ತಪ್ಪಿದ್ದರೆ ಮತ್ತೆ ಕಳಿಸಲು ಹೇಳುತ್ತದೆ. ತಪ್ಪುಗಳು ಹೆಚ್ಚಿದಾಗ ಎರಡೂ ಕಡೆಯವು ಸಂಪರ್ಕವನ್ನು ಮತ್ತೆ ಹೊಂದಿಸಿಕೊಳ್ಳುತ್ತವೆ, ಬೇಕಾದರೆ ವೇಗ ಇಳಿಸಿಕೊಳ್ಳುತ್ತವೆ. ಬಳಸುವವರಿಗೆ ಕಾಣುವುದು ಆಗಾಗ ಬರುವ ತಡವರಿಕೆ ಮಾತ್ರ. ಸಂಪರ್ಕ ಪೂರ್ತಿ ಹರಿದ ದಿನ ಪರದೆ ಕಪ್ಪು. ಆದರೆ ಇದಕ್ಕೆಲ್ಲ ಕುರುಹು ಉಳಿದಿರುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವೀಯಾ-ಲಾಗರ್ (WHEA-Logger) ಎಚ್ಚರಿಕೆಗಳು ಸಾಲುಗಟ್ಟಿದ್ದರೆ, ಲಿನಕ್ಸ್‌ನ ದಾಖಲೆಯಲ್ಲಿ ಪಿಸಿಐಇ ದೋಷ ಸರಿಪಡಿಸಿದ ಸಂದೇಶಗಳು ತುಂಬಿದ್ದರೆ ಮೊದಲ ಗುಮಾನಿ ಕೇಬಲ್ ಮೇಲೆ.

ಜಿಪಿಯು-ಝಡ್ ತಂತ್ರಾಂಶದಲ್ಲಿ ಸಂಪರ್ಕದ ಈಗಿನ ವೇಗ ನೋಡಬಹುದು. ಕೆಲಸವಿಲ್ಲದಾಗ ಕಾರ್ಡ್ ವಿದ್ಯುತ್ ಉಳಿಸಲು ತಾನೇ ಮೊದಲ ತಲೆಮಾರಿನ ವೇಗಕ್ಕೆ ಇಳಿಯುವುದುಂಟು, ಅದು ದೋಷವಲ್ಲ. ಕಾರ್ಡಿಗೆ ಕೆಲಸ ಕೊಟ್ಟು ಅಳೆಯಬೇಕು. ಆಗಲೂ ವೇಗ ಏರದಿದ್ದರೆ, ಇಲ್ಲವೇ ನಾಲ್ಕರ ಬದಲು ಒಂದೇ ಲೇನ್ ತೋರಿಸಿದರೆ ದೋಷ ದಾರಿಯಲ್ಲಿದೆ. ಕೆಲವು ಎಂ.2 ಸ್ಲಾಟ್‌ಗಳಿಗೆ ಇರುವುದೇ ಒಂದೋ ಎರಡೋ ಲೇನ್, ಕೈಪಿಡಿ ನೋಡದೆ ಅಡಾಪ್ಟರ್ ಕೊಳ್ಳಬಾರದು. ಬಯಾಸ್‌ನಲ್ಲಿ ಅವಕಾಶವಿದ್ದರೆ ಸಂಪರ್ಕವನ್ನು ಮೂರನೇ ತಲೆಮಾರಿಗೆ ಕಟ್ಟಿಹಾಕಿ ನೋಡುವುದು ಅತ್ಯುತ್ತಮ ಪರೀಕ್ಷೆ. ಬಿಟ್‌ಗೆ ಸಿಗುವ ಕಾಲ 125 ಪಿಕೋಸೆಕೆಂಡಿಗೆ ಏರುತ್ತದೆ. ತೊಂದರೆ ಅಷ್ಟರಲ್ಲೇ ಮಾಯವಾದರೆ ಬದಲಿಸಬೇಕಾದದ್ದು ಕೇಬಲನ್ನು ಅಥವಾ ಅಡಾಪ್ಟರನ್ನು, ಕಾರ್ಡನ್ನಲ್ಲ. ಹೊಸ ಕೇಬಲ್ ಬರುವ ತನಕ ಅದೇ ವೇಗದಲ್ಲಿ ಕೆಲಸ ಸಾಗಿಸಬಹುದು. ಕಾರ್ಡಿನ ಮೆಮೊರಿಯಲ್ಲಿ ಪೂರ್ತಿ ಹಿಡಿಸುವ ಎಐ ಮಾದರಿಯಂತೂ ಒಮ್ಮೆ ಲೋಡ್ ಆದ ಮೇಲೆ ಕೇಬಲ್‌ನ ವೇಗವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ.

ಕಾರ್ಡ್ ಕಾಣಿಸಿಕೊಳ್ಳುವುದೇ ಇಲ್ಲವೆಂದರೆ ಆನ್ ಮಾಡುವ ಕ್ರಮ ನೋಡಬೇಕು. ಓಕ್ಯುಲಿಂಕ್‌ನಲ್ಲಿ ಮಿನಿ ಪಿಸಿ ಕಾರ್ಡನ್ನು ಹುಡುಕುವುದು ಬೂಟ್ ಆಗುವ ಹೊತ್ತಿನಲ್ಲಿ. ಆಗ ಡಾಕ್‌ಗೆ ವಿದ್ಯುತ್ ಬಂದಿರದಿದ್ದರೆ ಆ ತುದಿಯಲ್ಲಿ ಏನೂ ಇಲ್ಲವೆಂದೇ ಅದರ ಲೆಕ್ಕ. ಹಾಗಾಗಿ ಡಾಕ್ ಮೊದಲು, ಪಿಸಿ ಆಮೇಲೆ. ಡಾಕ್‌ನ ಸ್ಲಾಟ್ 75 ವ್ಯಾಟ್ ಮಾತ್ರ ಕೊಡುತ್ತದೆ, ಎಂಟು ಪಿನ್‌ನ ಪ್ರತಿ ಕನೆಕ್ಟರ್ 150 ವ್ಯಾಟ್. ಕಾರ್ಡ್ ಕೇಳುವಷ್ಟು ಕನೆಕ್ಟರ್‌ಗಳನ್ನೂ ಜೋಡಿಸಿರಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ಹೆಸರು ಕಂಡರೂ ಜೊತೆಗೆ ಕೋಡ್ 12 ಎಂಬ ದೋಷ ಬಂದರೆ ಕಾರ್ಡಿನ ಮೆಮೊರಿಗೆ ವಿಳಾಸದ ಜಾಗ ಸಾಕಾಗಿಲ್ಲವೆಂದರ್ಥ. ಬಯಾಸ್‌ನಲ್ಲಿ ‘ಅಬೌವ್ 4ಜಿ ಡಿಕೋಡಿಂಗ್’ ಆನ್ ಮಾಡಿದರೆ ಹಲವು ಸಲ ಸರಿಹೋಗುತ್ತದೆ. ಮಾನಿಟರ್ ಕೇಬಲ್ ಇರಬೇಕಾದದ್ದು ಕಾರ್ಡಿನ ಪೋರ್ಟ್‌ನಲ್ಲಿ. ಪಿಸಿಯ ಪೋರ್ಟ್‌ಗೆ ಹಾಕಿದರೆ ಸಿದ್ಧವಾದ ಚಿತ್ರವೂ ಅದೇ ಇಕ್ಕಟ್ಟಿನ ದಾರಿಯಲ್ಲಿ ಹಿಂದಿರುಗಬೇಕಾಗುತ್ತದೆ.

ಕೇಬಲ್ ಬದಲಿಸಿ ನೋಡುವಾಗ ಒಂದು ಎಚ್ಚರ ಬೇಕು. ಥಂಡರ್‌ಬೋಲ್ಟ್‌ನಂತೆ ಓಡುತ್ತಿರುವಾಗಲೇ ಕೀಳುವ, ಚುಚ್ಚುವ ಸೌಲಭ್ಯ ಈ ಮಿನಿ ಪಿಸಿಗಳ ಓಕ್ಯುಲಿಂಕ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪಿಸಿಯನ್ನು ಪೂರ್ತಿ ಶಟ್‌ಡೌನ್ ಮಾಡಿ, ಡಾಕ್‌ನ ಪವರ್ ಸಪ್ಲೈಯನ್ನೂ ಆರಿಸಿ, ಆಮೇಲಷ್ಟೇ ಕೇಬಲ್‌ಗೆ ಕೈ ಹಾಕಿ.